ಚರಣವೇ ಇಲ್ಲದ ಹಾಡಿಗೆ ಚರಣ ಕಟ್ಟಿದವರು

ಮಕ್ಕಳ ಪದವೊಂದಕ್ಕೆ ವಾದ್ಯ ಹೊಂದಿಸಿಕೊಡಿ ಅಂತ ಯಾರಾದರೂ ಬಂದರೆ ನಾನು ಮೊದಲು ನೋಡುವುದು ಒಂದೇ: ಇದರಲ್ಲಿ ಚರಣ ಇದೆಯಾ? ಸಾಮಾನ್ಯವಾಗಿ ಇರುವುದಿಲ್ಲ. ಬರೀ ಪಲ್ಲವಿ. ಎರಡು ಸಾಲು, ನಾಲ್ಕೈದು ಸ್ವರ, ಮತ್ತೆ ಮೊದಲಿನಿಂದ. ಆಡುವ ಮಕ್ಕಳಿಗೆ ಅಷ್ಟೇ ಬೇಕು. ಸುಮ್ನೆ ಕೂತು ಕೇಳುವವರಿಗೆ ಮಾತ್ರ ಒಂದು ನಿಮಿಷಕ್ಕೇ ಸಾಕಾಗುತ್ತದೆ.

ಈ ಗಂಟು ಬಿಡಿಸುವುದನ್ನು ನಾನು ಕಲಿತದ್ದು 1938ರ ಒಂದು ರೆಕಾರ್ಡ್ ಕೇಳಿ. ಹೆಸರು 'ಎ ಟಿಸ್ಕೆಟ್, ಎ ಟಾಸ್ಕೆಟ್'. ಹಾಡಿದವರು ಅಮೆರಿಕದ ಜಾಝ್ ಗಾಯಕಿ ಎಲಾ ಫಿಟ್ಜೆರಾಲ್ಡ್, ಆಗ ಅವರಿಗೆ 21 ವರ್ಷ. ನುಡಿಸಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನ ಸವಾಯ್ ಬಾಲ್‌ರೂಮಿನಲ್ಲಿ ಜನರನ್ನು ಕುಣಿಸುತ್ತಿದ್ದ ಚಿಕ್ ವೆಬ್ ಅವರ ಬಿಗ್ ಬ್ಯಾಂಡ್, ಅಂದರೆ ಜಾಝ್ ನುಡಿಸುವ ದೊಡ್ಡ ವಾದ್ಯವೃಂದ.

ಪದ ಮಾತ್ರ 19ನೇ ಶತಮಾನದ್ದು. ಅಮೆರಿಕದ ಮಕ್ಕಳು ದುಂಡಗೆ ಸೇರಿ, ಒಬ್ಬರು ಹೊರಗೆ ಸುತ್ತುತ್ತಾ ಇನ್ನೊಬ್ಬರ ಬೆನ್ನ ಹಿಂದೆ ಕರವಸ್ತ್ರ ಬೀಳಿಸುವ ಆಟದ್ದು. ನಮ್ಮ 'ಟೋಪಿ ಬೇಕಾ ಟೋಪಿ' ಆಡಿದವರಿಗೆ ಹೆಚ್ಚು ಹೇಳಬೇಕಿಲ್ಲ ಅಲ್ವಾ? ಒಂದು ಬುಟ್ಟಿ, ಪ್ರೀತಿಯವರಿಗೆ ಬರೆದ ಒಂದು ಕಾಗದ, ಅದು ದಾರಿಯಲ್ಲಿ ಬಿದ್ದುಹೋಗುತ್ತದೆ. ಕತೆ ಅಷ್ಟೇ. ರಾಗ ಇನ್ನೂ ಚಿಕ್ಕದು. ಮೊದಲ ಸಾಲನ್ನು ನಮ್ಮ ಸ್ವರಗಳಲ್ಲಿ ಗುನುಗಿ ನೋಡಿ: ಪ ಪ ಗ, ದ ಪ ಗ. ಮೂರೇ ಸ್ವರ. ಐದು ವರ್ಷದ ಮಗುವಿನ ಗಂಟಲಿಗೂ ದಣಿವಿಲ್ಲ.

ಇದನ್ನು ಬ್ಯಾಂಡಿಗೆ ತರೋಣ ಅಂದವರು ಎಲಾ. ಬ್ಯಾಂಡ್ ಆಗ ಬಾಸ್ಟನ್ನಿನಲ್ಲಿ ನುಡಿಸುತ್ತಿತ್ತು. ಬರೆದುಕೊಟ್ಟವರು ವ್ಯಾನ್ ಅಲೆಕ್ಸಾಂಡರ್ ಎಂಬ ಯುವ ಅರೇಂಜರ್, ಅಂದರೆ ಹಾಡಿಗೆ ವಾದ್ಯ ಹೊಂದಿಸುವವರು. ಅವರು ಮೊದಲು ಮಾಡಿದ ಕೆಲಸವೇ ಚರಣ ಕಟ್ಟಿದ್ದು. ಬುಟ್ಟಿ ಎತ್ತಿಕೊಂಡ ಪುಟ್ಟ ಹುಡುಗಿ ಬೀದಿಯಲ್ಲಿ ಹೋಗುತ್ತಿದ್ದಾಳೆ ಎಂಬ ಹೊಸ ಭಾಗ, ಅದಕ್ಕೆ ಬೇರೆ ರಾಗ. ಹುಡುಗಿ 'ನಡೆದು' ಹೋಗುತ್ತಾಳೆ ಅಂತ ಅವರು ಬರೆದಿದ್ದರು. ಎಲಾ ಅದನ್ನು 'ಟ್ರಕಿನ್' ಅಂತ ತಿದ್ದಿದರು. ಟ್ರಕಿನ್ ಅಂದರೆ ಆಗ ಹಾರ್ಲೆಮ್‌ನಲ್ಲಿ ಎಲ್ಲರೂ ಕುಣಿಯುತ್ತಿದ್ದ ಕುಣಿತ. ಆ ಒಂದು ಪದದಿಂದ ಹಳೇ ಆಟದ ಹುಡುಗಿ ಸೀದಾ ಹಾರ್ಲೆಮ್‌ನ ಬೀದಿಗೇ ಬಂದುಬಿಟ್ಟಳು. ನನಗೆ ಇಡೀ ಹಾಡಿನಲ್ಲಿ ಜಾಸ್ತಿ ಇಷ್ಟವಾದ ತಿದ್ದುಪಡಿ ಇದು.

ಇನ್ನೊಂದು ಜಾಣತನ ಕೊನೆಗೆ ಬರುತ್ತದೆ. ನನ್ನ ಬುಟ್ಟಿ ಎಲ್ಲಿ ಹೋಯಿತೋ ಅಂತ ಎಲಾ ಕೇಳುತ್ತಾರೆ. ನಮಗೂ ಅದೇ ಯೋಚನೆ, ನಮಗೂ ಅದೇ ಯೋಚನೆ ಅಂತ ವಾದ್ಯ ಹಿಡಿದ ಗಂಡಸರೆಲ್ಲ ಒಟ್ಟಿಗೆ ಕೂಗುತ್ತಾರೆ. ಆಮೇಲೆ ಕೆಂಪಾ, ನೀಲಿಯಾ ಅಂತ ಬುಟ್ಟಿಯ ಬಣ್ಣದ ವಿಚಾರಣೆ. ಪ್ರತಿ ಸಲವೂ ಇಲ್ಲ ಇಲ್ಲ ಇಲ್ಲ ಇಲ್ಲ. ಅಂಗಳದಲ್ಲಿ ಮಕ್ಕಳ ಸುತ್ತು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಬ್ಯಾಂಡ್ ಮಾಡುತ್ತದೆ. ಹಾಡು ದೊಡ್ಡವರದಾಯಿತು, ಆಟ ಆಟವಾಗಿಯೇ ಉಳಿಯಿತು.

ನಾನು ಹಿಂದೊಮ್ಮೆ ಹಳ್ಳಿಯ ಆಟದ ಪದವೊಂದಕ್ಕೆ ಎಂಟು ವಯಲಿನ್, ಕೊಳಲು, ಕೀಬೋರ್ಡ್ ಎಲ್ಲ ತುಂಬಿಸಿದ್ದೆ. ರಿಹರ್ಸಲ್‌ನಲ್ಲಿ ಮಕ್ಕಳ ದನಿ ಸಣ್ಣಗಾಗುತ್ತಾ ಹೋಯಿತು. ಅವರಿಗೆ ಆಡಲು ಜಾಗವೇ ಇರಲಿಲ್ಲ. ಮಾರನೇ ದಿನ ವಯಲಿನ್ ಭಾಗ ಪೂರ್ತಿ ತೆಗೆದೆ. ನಾಲ್ಕು ಮಕ್ಕಳನ್ನು ಬೇರೆ ನಿಲ್ಲಿಸಿ, ಪ್ರತಿ ಸಾಲಿಗೂ 'ಹೌದಾ?' ಅಂತ ಕೇಳಿಸಿದೆ. ಢೋಲಕ್ ಒಂದನ್ನು ಉಳಿಸಿಕೊಂಡೆ. ಎರಡನೇ ಸುತ್ತಿಗೆ ಮಕ್ಕಳು ನಗುತ್ತಾ ಹಾಡುತ್ತಿದ್ದರು.

ಚಿಕ್ ವೆಬ್ ಡ್ರಮ್ಮರ್. ಬೆನ್ನುಮೂಳೆಯ ಕ್ಷಯದಿಂದ ಅವರ ಬೆನ್ನು ಬಾಗಿತ್ತು, ಆಳು ಬಹಳ ಕುಳ್ಳು. ಅವರಿಗೆಂದೇ ಮಾಡಿಸಿದ ಪೆಡಲ್‌ಗಳಿದ್ದವು. ಅಷ್ಟು ಜೋರಾಗಿ ಬಾರಿಸಬಲ್ಲ ಮನುಷ್ಯ ಈ ಪುಟ್ಟ ಪದದ ಮೇಲೆ ಭಾರ ಹೇರಲಿಲ್ಲ. 1938ರಲ್ಲಿ ಅಮೆರಿಕದ ಅತಿ ದೊಡ್ಡ ಹಿಟ್‌ಗಳಲ್ಲಿ ಇದೂ ಒಂದಾಯಿತು. ಮರುವರ್ಷ ಜೂನ್‌ನಲ್ಲಿ ವೆಬ್ ತೀರಿಕೊಂಡರು. ಬ್ಯಾಂಡ್ ಆಮೇಲೆ ಎಲಾ ಹೆಸರಿನಲ್ಲೇ ಮುಂದುವರಿಯಿತು.

ಅದಕ್ಕೂ ಮೊದಲು, 1938ರಲ್ಲೇ, ಇಬ್ಬರೂ ಸೇರಿ ಇನ್ನೊಂದು ಹಾಡು ಮಾಡಿದ್ದರು. ಅದರಲ್ಲಿ ಕಳೆದುಹೋದ ಆ ಹಳದಿ ಬುಟ್ಟಿ ಸಿಕ್ಕಿಬಿಡುತ್ತದೆ. ಅದು ಮೊದಲಿನಷ್ಟು ಓಡಲಿಲ್ಲ.