ಚಳಿಯಲ್ಲಿ ಫೋಟೊ ತೆಗೆದರೆ ಕ್ಯಾಮೆರಾ ಕೆಡುತ್ತದೆಯೇ?

ಓದುಗರ ಪ್ರಶ್ನೆ: ನಾನು ಗದಗದವನು. ಪ್ರತಿ ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆ ತಲೆ ಹೆಬ್ಬಾತುಗಳ ಫೋಟೊ ತೆಗೆಯುತ್ತೇನೆ. ಕ್ಯಾಮೆರಾಕ್ಕೆ ಎಂದೂ ತೊಂದರೆಯಾಗಿಲ್ಲ. ಈ ಜನವರಿಯಲ್ಲಿ ಲೇಹ್‌ಗೆ ಹೊರಟಿದ್ದೇನೆ. ಅಲ್ಲಿನ ಚಳಿಯನ್ನು ಕ್ಯಾಮೆರಾ ತಡೆದೀತೇ?

ಉತ್ತರ: ತಡೆಯುತ್ತದೆ. ನೀವು ಹೆದರಬೇಕಾದದ್ದು ಫೋಟೊ ತೆಗೆದು ಬೆಚ್ಚಗಿನ ಕೋಣೆಗೆ ಮರಳುವ ಹೊತ್ತಿಗೆ.

ಮಾಗಡಿಯ ಅನುಭವವನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ. ಶಿರಹಟ್ಟಿ ಕಡೆಯ ನಸುಕಿನಲ್ಲಿ ನಾವು ಎಷ್ಟೇ ನಡುಗಿದರೂ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಹೆಚ್ಚಿನ ಕ್ಯಾಮೆರಾ ಕಂಪನಿಗಳು 0ಯಿಂದ 40 ಡಿಗ್ರಿಯವರೆಗೆ ಬಳಸಬಹುದು ಎನ್ನುತ್ತವೆ. ನಮ್ಮಲ್ಲಿ ಕಾಡುವುದು ಲೆನ್ಸಿನ ಮುಂಗಾಜಿನ ಮೇಲೆ ಕೂರುವ ಇಬ್ಬನಿ ಮಾತ್ರ. ಅದಕ್ಕೆ ಲೆನ್ಸ್ ಹುಡ್ (ಲೆನ್ಸಿನ ಮುಂದೆ ಸಿಕ್ಕಿಸುವ ಮರೆ) ಮತ್ತು ಒಂದು ಮೆತ್ತನೆಯ ಬಟ್ಟೆ ಸಾಕು.

ಲೇಹ್‌ನ ಜನವರಿ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಹೋಗುವುದು ಸಾಮಾನ್ಯ. ಅಂಥ ಚಳಿಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ಬುಖಾರಿ ಒಲೆ ಉರಿಯುವ ಕೋಣೆಗೆ ತಂದಿರಿ ಎಂದುಕೊಳ್ಳಿ. ಕೋಣೆಯ ಗಾಳಿ 18 ಡಿಗ್ರಿ, ಆರ್ದ್ರತೆ ಶೇ 40 ಇದ್ದರೆ, ಸುಮಾರು 4 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ಆ ಗಾಳಿಯ ತೇವ ನೀರಾಗಿ ಇಳಿಯುತ್ತದೆ. ಬಿಸಿ ರೊಟ್ಟಿಗೆ ತಟ್ಟೆ ಮುಚ್ಚಿದಾಗ ಅದರ ಒಳಬದಿಗೆ ಹನಿ ಕಟ್ಟುವುದೂ ಹೀಗೆಯೇ. ಹೊರಮೈಯ ನೀರನ್ನು ಒರೆಸಬಹುದು; ಲೆನ್ಸಿನ ಒಳಗಾಜು, ಸೆನ್ಸರ್, ಸರ್ಕ್ಯೂಟಿನ ಮೇಲೆ ಕೂತದ್ದನ್ನು ಒರೆಸುವ ದಾರಿಯಿಲ್ಲ. ಒಳಗೆ ಉಳಿದ ತೇವವೇ ಮುಂದೆ ಫಂಗಸ್‌ಗೆ ದಾರಿ ಮಾಡುತ್ತದೆ.

ಆದ್ದರಿಂದ ಒಳಗೆ ಬರುವ ಮುನ್ನ, ಹೊರಗಿನ ಚಳಿಯಲ್ಲೇ, ಕ್ಯಾಮೆರಾವನ್ನು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿ ಹಿಂಡಿ ಮುಚ್ಚಿ. ಚೀಲದೊಳಗೆ ಉಳಿಯುವುದು ಹೊರಗಿನ ಒಣ ಗಾಳಿ. ಕೋಣೆಯ ತೇವ ಚೀಲದ ಹೊರಮೈ ಮೇಲೆ ನಿಲ್ಲುತ್ತದೆ. ಎರಡು ಮೂರು ಗಂಟೆ ಹಾಗೆಯೇ ಬಿಡಿ. ಹಕ್ಕಿಗಳಿಗೆ ಬಳಸುವ ದೊಡ್ಡ ಟೆಲಿ ಲೆನ್ಸ್ ಇನ್ನೂ ನಿಧಾನವಾಗಿ ಬೆಚ್ಚಗಾಗುತ್ತದೆ. ತೆಗೆದ ಚಿತ್ರಗಳನ್ನು ನೋಡುವ ಆತುರದಲ್ಲೇ ಬಹಳಷ್ಟು ಜನ ಚೀಲ ಬಿಚ್ಚುತ್ತಾರೆ. ಮೆಮೊರಿ ಕಾರ್ಡನ್ನು ಹೊರಗೇ ತೆಗೆದು ಜೇಬಿಗೆ ಹಾಕಿಕೊಂಡರೆ ಆ ಆಸೆಯೂ ಈಡೇರುತ್ತದೆ. ಕ್ಯಾಮೆರಾವನ್ನು ಜಾಕೆಟ್ಟಿನ ಒಳಗೆ ಬೆಚ್ಚಗಿಡುವುದನ್ನು ನಾನು ಒಪ್ಪುವುದಿಲ್ಲ. ಮೈಯ ಬೆವರಿನ ತೇವ ಅಲ್ಲೇ ಹಿಡಿಯುತ್ತದೆ.

ಎಚ್ಚರ ತಪ್ಪಿ ನೀರು ಕೂತಿದ್ದರೆ ಆನ್ ಮಾಡಬೇಡಿ. ಬ್ಯಾಟರಿ ತೆಗೆಯಿರಿ, ಲೆನ್ಸ್ ಬಿಚ್ಚಬೇಡಿ, ಪೂರ್ತಿ ಆರುವವರೆಗೆ ಕಾಯಿರಿ. ಅದೇ ಸ್ಥಿತಿಯಲ್ಲಿ ಮತ್ತೆ ಹೊರಗೆ ಒಯ್ದರೆ ಒಳಗಿನ ನೀರು ಹೆಪ್ಪುಗಟ್ಟುತ್ತದೆ.

ಚಳಿ ನೇರವಾಗಿ ಹೊಡೆಯುವುದು ಬ್ಯಾಟರಿಗೆ. ಲಿಥಿಯಂ ಅಯಾನ್ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ತಣ್ಣಗಾದಂತೆ ಮಂದವಾಗುತ್ತದೆ, ಒಳರೋಧ (ವಿದ್ಯುತ್ ಹರಿವಿಗೆ ಒಳಗಿರುವ ತಡೆ) ಏರುತ್ತದೆ, ತುಂಬಿದ ಬ್ಯಾಟರಿಯೂ ಖಾಲಿಯಂತೆ ತೋರುತ್ತದೆ. ಅದನ್ನು ಎಸೆಯಬೇಡಿ, ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟರೆ ಚಾರ್ಜಿನ ಬಹುಪಾಲು ಮರಳುತ್ತದೆ. ಎರಡು ಮೂರು ಬ್ಯಾಟರಿಗಳನ್ನು ಸರದಿಯಂತೆ ಬಳಸಿ. ಸೊನ್ನೆಗಿಂತ ಕೆಳಗಿರುವ ಬ್ಯಾಟರಿಯನ್ನು ಹಾಗೆಯೇ ಚಾರ್ಜಿಗೆ ಹಾಕಿದರೆ ಶಾಶ್ವತ ಹಾನಿಯಾಗುತ್ತದೆ, ಮೊದಲು ಬೆಚ್ಚಗಾಗಲಿ. ವಿಮಾನದಲ್ಲಿ ಹೆಚ್ಚುವರಿ ಬ್ಯಾಟರಿಗಳನ್ನೂ ಪವರ್ ಬ್ಯಾಂಕನ್ನೂ ಕೈಚೀಲದಲ್ಲೇ ಒಯ್ಯಬೇಕು.

ಹಿಂದಿನ ಪರದೆ ಮಂದವಾದರೆ ಗಾಬರಿ ಬೇಡ, ಬೆಚ್ಚಗಾದಾಗ ಸರಿಹೋಗುತ್ತದೆ. ಮುಂಗಾಜಿನ ಮೇಲೆ ಹಿಮದ ಪುಡಿ ಬಿದ್ದರೆ ಬಾಯಿಂದ ಊದಬೇಡಿ, ಉಸಿರಿನ ತೇವ ಅಲ್ಲೇ ಗಡ್ಡೆಕಟ್ಟುತ್ತದೆ. ಮೆತ್ತನೆಯ ಬ್ರಷ್ ಬಳಸಿ.