ಬಿಸಿನೀರಿನ ಮೂರ್ಛೆ: ಬಚ್ಚಲುಮನೆಯಿಂದ ವಂಶವಾಹಿಯವರೆಗೆ

ಎಣ್ಣೆ ಹಚ್ಚಿ, ಸೀಗೆಪುಡಿ ಉಜ್ಜಿ, ಹಂಡೆಯಿಂದ ಮೊಗೆದ ಹಬೆಯಾಡುವ ನೀರನ್ನು ಒಂದರ ಹಿಂದೊಂದು ಚೊಂಬು ತಲೆಗೆ ಸುರಿಯುತ್ತಿರುವಾಗ ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತದೆ. ಕಣ್ಣು ಒಂದೇ ಕಡೆ ನೆಟ್ಟುಬಿಡುತ್ತದೆ. ಬಾಯಲ್ಲಿ ಅರ್ಥವಿಲ್ಲದ ತೊದಲು, ಕೈ ಏನನ್ನೋ ತಡಕಾಡುತ್ತಿರುತ್ತದೆ. ಸೀಗೆ ಕಣ್ಣಿಗೆ ಹೋಗಿರಬೇಕೆಂದು ತಾಯಿ ಇನ್ನೊಂದು ಚೊಂಬು ಹಾಕುತ್ತಾಳೆ. ಅಷ್ಟರಲ್ಲಿ ಮೈ ಸೆಟೆದು ಕೈಕಾಲು ಅದುರತೊಡಗುತ್ತವೆ. ಒಂದೆರಡು ನಿಮಿಷದಲ್ಲಿ ಎಲ್ಲ ನಿಂತು, ಮಗು ಮಂಕಾಗಿ ಮಲಗುತ್ತದೆ. ಜ್ವರವಿರಲಿಲ್ಲ, ತಲೆಗೆ ಪೆಟ್ಟೂ ಬಿದ್ದಿರಲಿಲ್ಲ. ಮುಂದಿನ ತಲೆಸ್ನಾನದ ದಿನ ಮತ್ತೆ ಅದೇ.

ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ತಾಯಿತ ಕಟ್ಟಿಸಿದ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ವೈದ್ಯರ ಭಾಷೆಯಲ್ಲಿ ಇದು ಹಾಟ್ ವಾಟರ್ ಎಪಿಲೆಪ್ಸಿ. ಯಾವುದೋ ಒಂದು ನಿರ್ದಿಷ್ಟ ಪ್ರಚೋದನೆಯಿಂದಲೇ ಕಾಣಿಸಿಕೊಳ್ಳುವ ರಿಫ್ಲೆಕ್ಸ್ ಮೂರ್ಛೆಗಳ ಗುಂಪಿಗೆ ಸೇರಿದ್ದು. ಮಿಣುಕುವ ಬೆಳಕಿನಿಂದ ಬರುವ ಮೂರ್ಛೆಯ ಬಗ್ಗೆ ಜಗತ್ತಿಗೆಲ್ಲ ಗೊತ್ತು. ಬಿಸಿನೀರಿನದು ಬೇರೆಡೆ ಬಲು ಅಪರೂಪ. ಟರ್ಕಿಯಿಂದಲೂ ಸಾಕಷ್ಟು ವರದಿಗಳಿವೆ, ಆದರೆ ಅತಿ ಹೆಚ್ಚು ರೋಗಿಗಳು ದಾಖಲಾಗಿರುವುದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ. ಇಲ್ಲಿನ ಒಟ್ಟು ಮೂರ್ಛೆ ರೋಗಿಗಳಲ್ಲಿ ಇವರ ಪಾಲು ಶೇ 3.6ರಿಂದ 6.9 ಎಂದು ಅಧ್ಯಯನಗಳು ಹೇಳುತ್ತವೆ.

ಇದರ ಮೊದಲ ವೈದ್ಯಕೀಯ ವರದಿ ಬಂದದ್ದು ದೂರದ ನ್ಯೂಜಿಲೆಂಡಿನಿಂದ, 1945ರಲ್ಲಿ. ಅದು ಹತ್ತು ವರ್ಷದ ಒಬ್ಬ ಹುಡುಗನ ಕಥೆ. ಅದೊಂದು ವಿಚಿತ್ರ ಪ್ರಕರಣವಾಗಿಯೇ ಉಳಿದುಬಿಡುತ್ತಿತ್ತೇನೋ. ಆದರೆ 1968ರಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದರ ಬಗ್ಗೆ ಪ್ರಾಥಮಿಕ ವರದಿಯೊಂದನ್ನು ಪ್ರಕಟಿಸಿದರು. 1974ರ ಹೊತ್ತಿಗೆ ಅವರ ಬಳಿ 108 ರೋಗಿಗಳ ವಿವರವಿತ್ತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆದದ್ದೂ ಅದೇ ವರ್ಷ. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಜೊತೆಗಾರರು 279 ರೋಗಿಗಳ ಅಧ್ಯಯನ ಹೊರತಂದರು.

ನನ್ನ ಮಟ್ಟಿಗೆ ಈ ಇತಿಹಾಸದ ತಿರುಳಿರುವುದು ಇಲ್ಲೇ. ಈ ರೋಗ ಸಿಕ್ಕಿದ್ದು ಯಂತ್ರದಿಂದಲ್ಲ, ಮನೆಯವರ ಮಾತಿನಿಂದ. ಸ್ನಾನವಿಲ್ಲದ ಹೊತ್ತಿನಲ್ಲಿ ತೆಗೆದ ಇ.ಇ.ಜಿ., ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ, ಬಹುಪಾಲು ರೋಗಿಗಳಲ್ಲಿ ಸರಿಯಾಗಿಯೇ ಇರುತ್ತದೆ. ಶೇ 15ರಿಂದ 20 ಜನರಲ್ಲಷ್ಟೇ ಏರುಪೇರು ಕಾಣುತ್ತದೆ. ಮೂರ್ಛೆ ನಡೆಯುತ್ತಿರುವಾಗಲೇ ದಾಖಲಿಸೋಣವೆಂದರೆ, ಎಲೆಕ್ಟ್ರೋಡುಗಳನ್ನು ಅಂಟಿಸಬೇಕಾದ ನೆತ್ತಿಯ ಮೇಲೇ ನೀರು ಸುರಿಯಬೇಕು. ಹಾಗಾಗಿ ಅಂಥ ದಾಖಲೆಗಳು ಬೆರಳೆಣಿಕೆಯಷ್ಟು. ರಿಪೋರ್ಟಿನಲ್ಲಿ ಏನೂ ಇಲ್ಲ ಎಂದು ಕಳಿಸಿಬಿಟ್ಟರೆ ಅಲ್ಲಿಗೆ ಮುಗಿಯಿತು. ‘ನೀರು ಹಾಕ್ವಾಗ ಆಯ್ತಾ? ತಲೆಗೋ, ಮೈಗೋ? ಎಷ್ಟು ಬಿಸಿ?’ ಎಂದು ಕೇಳಿದ ವೈದ್ಯರಿಗೇ ಇದು ಸಿಕ್ಕಿತು.

ಉತ್ತರಗಳು ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತಿದ್ದವು. ನೀರು ಸುಮಾರು 40ರಿಂದ 50 ಡಿಗ್ರಿ ಸೆಲ್ಸಿಯಸ್. ಮೈಗೆ ಹುಯ್ದುಕೊಂಡಾಗ ಸಾಮಾನ್ಯವಾಗಿ ಏನೂ ಇಲ್ಲ, ತಲೆಗೆ ಬಿದ್ದಾಗ ಮಾತ್ರ ತೊಂದರೆ. ರೋಗಿಗಳಲ್ಲಿ ಹೆಚ್ಚಿನವರು ಮಕ್ಕಳು, ನೂರಕ್ಕೆ ಎಪ್ಪತ್ತರಷ್ಟು ಗಂಡುಮಕ್ಕಳು. ಹಂಡೆಯ ನೀರಿನ ಶಾಖವನ್ನು ನಾವು ಅಳೆಯುವುದು ಹಿರಿಯರ ಅಂಗೈಯಿಂದ. ದಿನವೂ ಒಲೆಯ ಮುಂದೆ ಕೆಲಸ ಮಾಡುವ ಕೈಗೆ ಹಿತವೆನಿಸುವ ನೀರು ಆರು ವರ್ಷದ ಮಗುವಿನ ನೆತ್ತಿಗೆ ಹಿತವಾಗಿರಲೇಬೇಕೆಂದಿಲ್ಲ.

ಹಾಗಾದರೆ ಮಿದುಳಿನೊಳಗೆ ಏನಾಗುತ್ತದೆ? ದೇಹದ ಶಾಖವನ್ನು ಹದದಲ್ಲಿಡುವ ಕೇಂದ್ರ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್. ಮೂರ್ಛೆಯ ವೇಳೆ ರಕ್ತಸಂಚಾರವನ್ನು ತೋರಿಸುವ ಸ್ಪೆಕ್ಟ್ ಚಿತ್ರಗಳನ್ನು ತೆಗೆದಾಗ, ಹೈಪೋಥಲಾಮಸ್ಸೂ ಅದೇ ಬದಿಯ ಟೆಂಪೊರಲ್ ಹಾಲೆಯ (ಕಿವಿಯ ನೇರಕ್ಕಿರುವ ಮಿದುಳಿನ ಭಾಗದ) ಒಳಭಾಗವೂ ಒಟ್ಟಿಗೆ ಚುರುಕಾಗಿದ್ದವು. ನೆನಪು, ಭಾವನೆಗಳಿಗೆ ಸಂಬಂಧಿಸಿದ ಜಾಗ ಈ ಒಳಭಾಗ. ಮಗು ಕಣ್ಣು ನೆಟ್ಟು ತೊದಲುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಮೂರನೇ ಎರಡರಷ್ಟು ರೋಗಿಗಳಲ್ಲಿ ಮೂರ್ಛೆ ಶುರುವಾಗುವುದು ಹೀಗೆಯೇ, ಇಡೀ ಮಿದುಳನ್ನು ಒಮ್ಮೆಗೇ ಆವರಿಸುವುದಿಲ್ಲ. ತಲೆಗೆ ಬಿದ್ದ ಶಾಖವನ್ನು ಬೇಗ ಇಳಿಸಿಕೊಳ್ಳಲಾಗದ ಹುಟ್ಟುಗುಣ ಇವರಲ್ಲಿರಬೇಕು ಎಂಬುದು ಸತೀಶ್ಚಂದ್ರ ತಂಡದ ವಾದ.

1996ರಲ್ಲಿ ಇದೇ ತಂಡ ಇಲಿಗಳ ತಲೆಗೆ ಬಿಸಿನೀರು ಚಿಮ್ಮಿಸಿ ಪ್ರಯೋಗ ಮಾಡಿತು. ಇಲಿಗಳಿಗೂ ಮೂರ್ಛೆ ಬಂತು. ಆತಂಕದ ಸಂಗತಿಯೆಂದರೆ, ದಿನ ಬಿಟ್ಟು ದಿನ ಹಾಗೆ ಮಾಡುತ್ತ ಹೋದಂತೆ ಕಡಿಮೆ ಶಾಖಕ್ಕೇ ಮೂರ್ಛೆ ಬರತೊಡಗಿತು, ಹೆಚ್ಚು ಹೊತ್ತು ಇರತೊಡಗಿತು. ಒಮ್ಮೆ ಹೊತ್ತಿಕೊಂಡ ನರಜಾಲ ಮುಂದಿನ ಸಲ ಇನ್ನೂ ಸಲೀಸಾಗಿ ಹೊತ್ತಿಕೊಳ್ಳುತ್ತದೆ, ಇದಕ್ಕೆ ಕಿಂಡ್ಲಿಂಗ್ ಎನ್ನುತ್ತಾರೆ. ‘ವಾರಕ್ಕೊಂದು ಸಲ ತಾನೇ, ದೊಡ್ಡವನಾದ ಮೇಲೆ ಹೋಗುತ್ತೆ’ ಎಂದು ಬಿಟ್ಟುಬಿಡುವ ಮನೆಯವರಿಗೆ ಈ ಪ್ರಯೋಗದ ವಿಷಯವನ್ನು ಕೂರಿಸಿಕೊಂಡು ಹೇಳಬೇಕು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಹತ್ತರಲ್ಲಿ ಒಬ್ಬ ರೋಗಿಗೆ ಮೂರ್ಛೆ ಶುರುವಾಗುವ ಹೊತ್ತಿನಲ್ಲಿ ತೀವ್ರವಾದ ಸುಖ ಅನಿಸುತ್ತದೆ. ನಿಲ್ಲಿಸು ಎಂದರೂ ನಿಲ್ಲಿಸದೆ, ಪ್ರಜ್ಞೆ ತಪ್ಪುವವರೆಗೂ ಬಿಸಿನೀರು ಸುರಿದುಕೊಳ್ಳುತ್ತಲೇ ಇರುತ್ತಾರೆ. ಮನೆಯವರ ಕಣ್ಣಿಗೆ ಅದು ಹಟ, ಚಟ. ಬೈಗುಳ, ಏಟು ಎರಡೂ ಬೀಳುತ್ತವೆ. ಆ ಹುಡುಗ ಬೇಕೆಂದು ಮಾಡುತ್ತಿಲ್ಲ. ಅವನ ಕೈಯಲ್ಲಿ ಚೊಂಬು ಎತ್ತಿಸುತ್ತಿರುವುದೂ ಆ ಕಾಯಿಲೆಯೇ. ನಡತೆ ಎಲ್ಲಿ ಮುಗಿಯಿತು, ರೋಗ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದ ಇಂಥ ಕಡೆಯೇ ಅವನಿಗೆ ಹೆಚ್ಚಿನ ಕರುಣೆ ಬೇಕು.

ಅಧ್ಯಯನಕ್ಕೆ ತಕ್ಕಂತೆ ಶೇ 7ರಿಂದ 22 ರೋಗಿಗಳ ಕುಟುಂಬದಲ್ಲಿ ಇನ್ನೊಬ್ಬರಿಗೂ ಇದೇ ತೊಂದರೆ ಕಂಡುಬಂದಿದೆ. ಈ ಎಳೆ ಹಿಡಿದು ಹೊರಟವರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಮತ್ತು ಅವರ ವಿದ್ಯಾರ್ಥಿಗಳು, ನಿಮ್ಹಾನ್ಸ್ ವೈದ್ಯರ ಜೊತೆಗೂಡಿ. ತಲೆಮಾರುಗಳಿಂದ ಬಿಸಿನೀರಿನ ಮೂರ್ಛೆಯಿರುವ ಕುಟುಂಬಗಳ ರಕ್ತದ ಮಾದರಿ ಪಡೆದು, 2009ರಲ್ಲಿ 10ನೇ ಮತ್ತು 4ನೇ ವರ್ಣತಂತುಗಳಲ್ಲಿ ಇದಕ್ಕೆ ಸಂಬಂಧಿಸಿದ ಜಾಗಗಳನ್ನು ಗುರುತಿಸಿದರು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಅಪರೂಪದ ಬದಲಾವಣೆಗಳನ್ನು ವರದಿ ಮಾಡಿದರು. ನರಕೋಶಗಳ ನಡುವೆ ಸುರಿದ ಗ್ಲುಟಮೇಟ್ ಎಂಬ ಉದ್ರೇಕಕಾರಿ ರಾಸಾಯನಿಕವನ್ನು ಮರಳಿ ಒಳಗೆಳೆದುಕೊಳ್ಳುವ ಪ್ರೋಟೀನನ್ನು ಈ ವಂಶವಾಹಿ ಕಟ್ಟುತ್ತದೆ. ಆ ಕೆಲಸ ಕುಂಟಿದರೆ ನರಕೋಶಗಳು ಬೇಗ ಕೆರಳುವುದು ಸಹಜ. ಕೆನಡಾದ ಕ್ವಿಬೆಕ್‌ನ ಒಂದು ಕುಟುಂಬದಲ್ಲಿ ಸ್ನಾನದಿಂದ ಬರುವ ಮೂರ್ಛೆಗೆ ಕಾರಣವಾಗಿ ಸಿಕ್ಕಿದ್ದು ಸಿನಾಪ್ಸಿನ್ ಎಂಬ ಬೇರೆಯದೇ ವಂಶವಾಹಿ. ಅಂದರೆ ಇದಕ್ಕೆ ಒಂದೇ ದಾರಿಯಿಲ್ಲ.

ವಂಶವಾಹಿಯ ಮಾತು ಬಂದ ಕೂಡಲೇ ಮನೆಗಳಲ್ಲಿ ಮದುವೆಯ ಭಯ ಹುಟ್ಟುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ರೋಗವನ್ನೇ ಮುಚ್ಚಿಡುತ್ತಾರೆ. ಹಿಂದೂ ವಿವಾಹ ಕಾಯ್ದೆಯಿಂದ ಮೂರ್ಛೆರೋಗದ ಪ್ರಸ್ತಾಪವನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಮದುವೆ ರದ್ದಿಗೆ ಅದು ಕಾರಣವಲ್ಲ.

ಚಿಕಿತ್ಸೆ ಮಾತ್ರ ಆಶ್ಚರ್ಯವೆನಿಸುವಷ್ಟು ಸರಳ. ಎಷ್ಟೋ ಜನರಿಗೆ ತಲೆಗೆ ಹಾಕುವ ನೀರಿನ ಬಿಸಿ ಇಳಿಸಿದರೆ ಸಾಕು, ಮೂರ್ಛೆ ಬರುವುದೇ ಇಲ್ಲ. ಅದು ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆಯಿಂದ ಎರಡು ಗಂಟೆ ಮುಂಚೆ ವೈದ್ಯರು 5ರಿಂದ 10 ಮಿಲಿಗ್ರಾಂ ಕ್ಲೋಬಜಾಮ್ ಮಾತ್ರೆ ಬರೆದುಕೊಡುತ್ತಾರೆ. ನರಕೋಶಗಳನ್ನು ತಣಿಸುವ ಗ್ಯಾಬಾ ವ್ಯವಸ್ಥೆಗೆ ಅದು ಬಲ ಕೊಡುತ್ತದೆ. ಬಿಸಿನೀರಿಗಷ್ಟೇ ಮೂರ್ಛೆ ಬರುವ ಮಗುವಿಗೆ ದಿನವೂ ಮಾತ್ರೆ ನುಂಗಿಸುವ ಅಗತ್ಯ ಇದರಿಂದ ತಪ್ಪುತ್ತದೆ. ಆದರೆ ಶೇ 16ರಿಂದ 38 ಜನರಲ್ಲಿ ಕೆಲವು ವರ್ಷಗಳ ನಂತರ ಸ್ನಾನದ ಹಂಗಿಲ್ಲದೆಯೂ ಮೂರ್ಛೆ ಬರಬಹುದು. ಅವರಿಗೆ ನಿತ್ಯದ ಔಷಧಿ ಬೇಕು, ವೈದ್ಯರ ನಿಗಾ ಬೇಕು. ಯಾರಿಗೇ ಆಗಲಿ, ಬಚ್ಚಲಿನ ಚಿಲಕ ಹಾಕದಿರುವುದು, ಮೂರ್ಛೆ ಬಂದರೆ ಕೈಗೆ ಬೀಗದ ಕೈ ತುರುಕದೆ ಮಗ್ಗುಲಾಗಿ ಮಲಗಿಸುವುದು, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದು, ಇಷ್ಟು ಮನೆಯ ಎಲ್ಲರಿಗೂ ಗೊತ್ತಿರಬೇಕು, ತಲೆಗೆ ನೀರು ಹಾಕುವ ಅಜ್ಜಿಗಂತೂ ಮೊದಲು.