ಕ್ಲೀನಪ್ ಪ್ಯಾಚ್: ಡಿಬಗರ್‌ನ ಸಿಂಬಲ್ ಓದುವ ಕೋಡನ್ನು ಓರಣ ಮಾಡುವುದೆಂದರೆ

ಪ್ರೋಗ್ರಾಂ ಮಾಡುವ ಕೆಲಸ ಕಿಂಚಿತ್ತೂ ಬದಲಾಗದ ಹಾಗೆ ಅದರ ಕೋಡನ್ನು, ಕೋಡಿನೊಳಗೆ ಓದುವವರಿಗಾಗಿ ಬರೆದ ಟಿಪ್ಪಣಿಗಳಾದ ಕಾಮೆಂಟುಗಳನ್ನು ಓರಣ ಮಾಡುವ ತಿದ್ದುಪಡಿಗೆ ಕ್ಲೀನಪ್ ಪ್ಯಾಚ್ ಎನ್ನುತ್ತಾರೆ. ಯಾರೂ ಬಳಸದ ವೇರಿಯಬಲ್ ತೆಗೆಯುವುದು, ಸುಳ್ಳಾಗಿ ಹೋದ ಕಾಮೆಂಟನ್ನು ನಿಜ ಮಾಡುವುದು, ಒಂದೇ ಕೆಲಸ ಮಾಡುವ ಎರಡು ಫಂಕ್ಷನ್‌ಗಳನ್ನು ಒಂದಾಗಿಸುವುದು, ಸಾಲುಗಳ ಮೊದಲಿನ ಖಾಲಿ ಜಾಗ, ಎಂದರೆ ಇಂಡೆಂಟೇಶನ್, ಸರಿಪಡಿಸುವುದು ಎಲ್ಲವೂ ಇದರಲ್ಲಿ ಬರುತ್ತವೆ. ಪ್ರೋಗ್ರಾಂ ಬಳಸುವವರಿಗೆ ಇದರಿಂದ ಏನೂ ವ್ಯತ್ಯಾಸ ಕಾಣಬಾರದು. ಕಂಡರೆ ಅದು ಕ್ಲೀನಪ್ ಅಲ್ಲ.

ರಾಯಚೂರು, ಬಳ್ಳಾರಿ ಕಡೆಯ ಇಂಜಿನಿಯರಿಂಗ್ ಹುಡುಗರ ಜೊತೆ ಓಪನ್ ಸೋರ್ಸ್ ಮಾತು ತೆಗೆದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಬರೇ ಕಾಮೆಂಟ್ ತಿದ್ದಿ ಕಳಿಸಿದ್ರ ಅದೂ ಒಂದು ಕೆಲ್ಸ ಅನಸ್ತೈತೇನ್ರಿ?" ಅನಸ್ತೈತಿ. ಎಲ್ಲ ಕೋಡಿನಲ್ಲೂ ಒಂದೇ ತೂಕದ ಕೆಲಸವಲ್ಲ, ಒಪ್ಪುತ್ತೇನೆ. ಆದರೆ ಓಡುವ ಪ್ರೋಗ್ರಾಂನೊಳಗೆ ಇಣುಕಿ ತಪ್ಪು ಹುಡುಕುವ ಸಲಕರಣೆಯಾದ ಡಿಬಗರ್‌ನಲ್ಲಿ, ಅದರಲ್ಲೂ ಸಿಂಬಲ್‌ಗಳನ್ನು ಓದಿಕೊಳ್ಳುವ ಭಾಗದಲ್ಲಿ, ಕಾಮೆಂಟಿನ ಬೆಲೆ ಕೋಡಿನಷ್ಟೇ ಇದೆ. ಯಾಕೆಂದು ತಿಳಿಯಬೇಕಾದರೆ ಮೊದಲು ಸಿಂಬಲ್ ಎಂದರೇನು ಎಂಬುದು ಸ್ಪಷ್ಟವಾಗಬೇಕು.

ಸಿ ಭಾಷೆಯಲ್ಲಿ ನಾವು ಬರೆದ ಫಂಕ್ಷನ್‌ಗಳಿಗೆ ಹೆಸರಿರುತ್ತದೆ. ಕಂಪೈಲ್ ಆಗಿ, ಎಂದರೆ ಯಂತ್ರದ ಭಾಷೆಗೆ ತಿರುಗಿದ ಮೇಲೆ, ಪ್ರೊಸೆಸರ್‌ಗೆ ಆ ಹೆಸರು ಬೇಡ, ಮೆಮೊರಿಯಲ್ಲಿನ ವಿಳಾಸ ಮಾತ್ರ ಸಾಕು. ಇಂಥ ಹೆಸರಿನ ಫಂಕ್ಷನ್ ಇಂಥ ವಿಳಾಸದಲ್ಲಿದೆ ಎಂಬ ನಮೂದೇ ಸಿಂಬಲ್. ಇದು ಎಷ್ಟು ದೊಡ್ಡ ಸಂಗತಿ ಎಂಬುದಕ್ಕೆ ರಾಯಚೂರು ಜಿಲ್ಲೆಯಲ್ಲೇ ಒಂದು ಸಾಕ್ಷಿಯಿದೆ. 'ದೇವಾನಾಂಪ್ರಿಯ' ಎಂಬ ಬಿರುದಿನ ಶಾಸನಗಳು ದೇಶದ ಉದ್ದಗಲಕ್ಕೂ ಸಿಕ್ಕಿದ್ದವು. ಆ ರಾಜ ಅಶೋಕನೇ ಇರಬೇಕೆಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ಊಹಿಸಿದ್ದರು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಬಿರುದೂ ಅಶೋಕ ಎಂಬ ಹೆಸರೂ ಒಟ್ಟಿಗೇ ಸಿಕ್ಕಮೇಲೆ ಆ ಊಹೆ ಗಟ್ಟಿಯಾಯಿತು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಂಗಳಲ್ಲೂ ಆ ಹೆಸರು ದೊರೆಯಿತು. ಒಂದು ಗುರುತನ್ನು ಒಂದು ಹೆಸರಿಗೆ ಕಟ್ಟುವ ಇಂಥದೇ ಕೆಲಸವನ್ನು ಸಿಂಬಲ್ ಟೇಬಲ್ ಸಾವಿರಾರು ವಿಳಾಸಗಳಿಗೆ ಮಾಡುತ್ತದೆ.

ಹೆಚ್ಚು ಬಳಕೆಯಲ್ಲಿರುವ ಡಿಬಗರ್‌ಗಳಲ್ಲಿ ಜಿಡಿಬಿ ಒಂದು. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಗಾಗಿ ಬರೆದದ್ದು, ಇಂದಿಗೂ ಬೆಳೆಯುತ್ತಿದೆ. ಅದರಲ್ಲಿ 'ಸಿಮ್‌ಫೈಲ್.ಸಿ' ಎಂಬ ಕಡತವಿದೆ. ಸಿಂಬಲ್ ಕಡತಗಳನ್ನು ಓದುವ ಸಾಮಾನ್ಯ ಕೆಲಸವೆಲ್ಲ ಅಲ್ಲಿಂದ ನಡೆಯುತ್ತದೆ. ಜಿಡಿಬಿ ಶುರುವಾದ ಕೂಡಲೇ "ಇಂಥ ಕಡತದಿಂದ ಸಿಂಬಲ್ ಓದುತ್ತಿದ್ದೇನೆ" ಎನ್ನುವ ಸಾಲು ತೆರೆಯ ಮೇಲೆ ಬರುತ್ತದಲ್ಲ, ಅದರ ಹಿಂದೆ ಇರುವುದು ಈ ಕೋಡ್. ನಾವು ಪ್ರೋಗ್ರಾಂ ತಿದ್ದಿ ಮತ್ತೆ ಕಂಪೈಲ್ ಮಾಡಿದಾಗ ಕಡತದ ಸಮಯ ಬದಲಾದದ್ದನ್ನು ನೋಡಿ ಸಿಂಬಲ್‌ಗಳನ್ನು ಹೊಸದಾಗಿ ಓದಿಕೊಳ್ಳುವುದೂ ಇಲ್ಲೇ. ಬೋರ್ಡಿಗೆ ಪ್ರೋಗ್ರಾಂ ತುಂಬುವ 'ಲೋಡ್' ಆದೇಶ ಕೂಡ ಇದೇ ಕಡತದಲ್ಲಿದೆ.

ಸಿಂಬಲ್‌ಗಳಲ್ಲಿ ಮೇಲುಸ್ತರದ್ದು, ಒಳಸ್ತರದ್ದು ಎಂದು ಇದೆ. ಬರೀ ಹೆಸರು ಮತ್ತು ವಿಳಾಸ ಇರುವುದು ಮಿನಿಮಲ್ ಸಿಂಬಲ್. ಇದನ್ನು ಕಡತದ ಸಿಂಬಲ್ ಟೇಬಲ್‌ನಿಂದ ಬೇಗ ಓದಬಹುದು. ಯಾವ ಸಾಲು, ಯಾವ ಟೈಪ್, ಲೋಕಲ್ ವೇರಿಯಬಲ್ ಎಲ್ಲಿದೆ ಎಂಬ ಪೂರ್ತಿ ವಿವರ ಬೇಕಾದರೆ ಜಿಸಿಸಿ ಕಂಪೈಲರ್‌ಗೆ 'ಮೈನಸ್ ಜಿ' ಎಂಬ ಆಯ್ಕೆ ಕೊಟ್ಟು ಕಂಪೈಲ್ ಮಾಡಿರಬೇಕು. ಆಗ ಡ್ವಾರ್ಫ್ ಎಂಬ ಮಾದರಿಯಲ್ಲಿ ಆ ಮಾಹಿತಿ ಕಡತದೊಳಗೆ ಕೂರುತ್ತದೆ. ಡ್ವಾರ್ಫ್‌ನ 5ನೇ ಆವೃತ್ತಿ 2017ರಲ್ಲಿ ಬಂತು. ದೊಡ್ಡ ಪ್ರೋಗ್ರಾಂನ ಡ್ವಾರ್ಫ್ ಪೂರ್ತಿ ಓದಲು ಹೊತ್ತು ಹಿಡಿಯುವುದರಿಂದ ಜಿಡಿಬಿ ಮೊದಲು ಮೇಲುಮೇಲಿನ ಸೂಚಿ ಮಾಡಿಕೊಂಡು, ಬೇಕಾದಾಗ ಮಾತ್ರ ಒಳಗಿಳಿಯುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಡತದಲ್ಲಿ ಬರೆದ ವಿಳಾಸ ಬೇರೆ, ಪ್ರೋಗ್ರಾಂ ಓಡುವಾಗಿನ ವಿಳಾಸ ಬೇರೆ. ಇವೆರಡರ ನಡುವಿನ ಅಂತರವೇ ಆಫ್‌ಸೆಟ್. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ತೂಬಿನ ಹತ್ತಿರ ನೀರಿನ ಮಟ್ಟ ಅಳೆಯಲು ಕೊಪ್ಪಳದ ವಿದ್ಯಾರ್ಥಿಗಳು ಲಿನಕ್ಸ್ ಓಡಿಸುವ ಚಿಕ್ಕ ಬೋರ್ಡೊಂದನ್ನು ಇಡುತ್ತಾರೆಂದು ತಿಳಿಯಿರಿ. ಬೋರ್ಡು ಏಳುವಾಗ ಲಿನಕ್ಸ್‌ಗಿಂತ ಮೊದಲು ಓಡುವುದು, ಲಿನಕ್ಸನ್ನು ಎಬ್ಬಿಸುವ ಯು-ಬೂಟ್ ಎಂಬ ಪ್ರೋಗ್ರಾಂ. ಅದು ಓಡುತ್ತ ಓಡುತ್ತಲೇ ತನ್ನನ್ನು ಮೆಮೊರಿಯ ಬೇರೆ ಜಾಗಕ್ಕೆ ನಕಲು ಮಾಡಿಕೊಂಡು ಅಲ್ಲಿಂದ ಮುಂದುವರಿಯುತ್ತದೆ. ಆಮೇಲೆ ಡಿಬಗ್ ಮಾಡಬೇಕಾದರೆ ಹಳೆಯ ಸಿಂಬಲ್‌ಗಳನ್ನು ಬಿಟ್ಟು, 'ಆ್ಯಡ್-ಸಿಂಬಲ್-ಫೈಲ್' ಆದೇಶದಿಂದ ಹೊಸ ವಿಳಾಸ ಕೊಟ್ಟು ಮತ್ತೆ ಓದಿಸಬೇಕು. ಅಲ್ಲಿ ವಿಳಾಸ ತಪ್ಪು ಕೊಟ್ಟರೆ ಜಿಡಿಬಿ ತಡೆಯುವುದಿಲ್ಲ. ಒಮ್ಮೆ ಹೌದಾ ಅಲ್ಲವಾ ಎಂದು ಕೇಳಿ ಸೇರಿಸಿಕೊಂಡುಬಿಡುತ್ತದೆ. ಅಲ್ಲಿಂದ ಮುಂದೆ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿ) ತೋರಿಸುವ ಹೆಸರುಗಳು ನೋಡಲು ಸರಿಯಾಗಿಯೇ ಇರುತ್ತವೆ, ಆದರೆ ಸುಳ್ಳು. ಪ್ರೋಗ್ರಾಂ ಇಲ್ಲಿ ನಿಲ್ಲಲಿ ಎಂದು ಬ್ರೇಕ್‌ಪಾಯಿಂಟ್ ಇಟ್ಟರಂತೂ, ನಿಲ್ಲಿಸಲು ಬರೆಯುವ ಟ್ರ್ಯಾಪ್ ಸೂಚನೆ ಯಾವುದೋ ಸಂಬಂಧವಿಲ್ಲದ ಜಾಗದಲ್ಲಿ ಬರೆದುಹೋಗುತ್ತದೆ.

ಸಿಂಬಲ್ ಓದುವ ಕೋಡಿನ ಸ್ವಭಾವವೇ ಇದು. ಇಲ್ಲಿ ತಪ್ಪಾದರೆ ಪ್ರೋಗ್ರಾಂ ಬೀಳುವುದಿಲ್ಲ, ಸದ್ದಿಲ್ಲದೆ ತಪ್ಪು ಉತ್ತರ ಕೊಡುತ್ತದೆ. ಬೇರೆ ತಪ್ಪುಗಳನ್ನು ಹಿಡಿಯಲೆಂದೇ ನಾವು ನಂಬಿ ಕೂತ ಸಲಕರಣೆಯೇ ದಾರಿ ತಪ್ಪಿಸುತ್ತದೆ. ಹಾಗಾಗಿ ಈ ವಿಳಾಸಕ್ಕೆ ಆಫ್‌ಸೆಟ್ ಕೂಡಿಸಿ ಆಗಿದೆಯೋ ಇಲ್ಲವೋ, ಈ ಪಾಯಿಂಟರ್‌ನ ಮೆಮೊರಿ ಬಿಡುಗಡೆ ಮಾಡಬೇಕಾದವರು ಯಾರು, ಈ ಫಂಕ್ಷನ್ ಕರೆದ ಮೇಲೆ ಬ್ರೇಕ್‌ಪಾಯಿಂಟ್‌ಗಳನ್ನು ಮತ್ತೆ ಹೊಂದಿಸಬೇಕೇ ಎಂದು ಹೇಳುವ ಒಂದು ಸಾಲು ಕಾಮೆಂಟ್ ತಪ್ಪಾಗಿದ್ದರೆ, ಅದನ್ನು ನಂಬಿ ಮುಂದಿನವರು ಬರೆಯುವ ಕೋಡೂ ತಪ್ಪಾಗುತ್ತದೆ. ಕಾಮೆಂಟೇ ಇಲ್ಲದಿದ್ದರೆ ಓದುವವರು ಕೋಡನ್ನಾದರೂ ಬಗೆದು ನೋಡುತ್ತಿದ್ದರು. ಹಳತಾದ ಕಾಮೆಂಟ್ ಆ ಶ್ರಮವನ್ನೂ ತಪ್ಪಿಸಿ ಕೆಡಿಸುತ್ತದೆ.

ಒಳ್ಳೆಯ ಕ್ಲೀನಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕಾಮೆಂಟ್ ಹೇಳುತ್ತಿದ್ದುದನ್ನು ಕಂಪೈಲರ್ ನೋಡಿಕೊಳ್ಳುವಂತೆ ಮಾಡುತ್ತದೆ. ಜಿಡಿಬಿಯ ಇತಿಹಾಸದಲ್ಲಿ ಇದಕ್ಕೆ ಚೆಂದದ ಉದಾಹರಣೆಗಳಿವೆ. ಮೊದಲು ಸಿ ಭಾಷೆಯಲ್ಲಿದ್ದ ಜಿಡಿಬಿ, 2017ರ 8.0 ಆವೃತ್ತಿಯ ಹೊತ್ತಿಗೆ ಸಿ++11 ಕಂಪೈಲರ್ ಇಲ್ಲದೆ ಕಟ್ಟಲಾಗದ ಹಂತಕ್ಕೆ ಬಂತು. "ಇದನ್ನು ಕರೆದವರೇ ಬಿಡುಗಡೆ ಮಾಡಬೇಕು" ಎಂದು ಕಾಮೆಂಟಿನಲ್ಲಿ ಬೇಡಿಕೊಳ್ಳುತ್ತಿದ್ದ ಕಡೆ, ಮೆಮೊರಿಯನ್ನು ತಾವಾಗಿಯೇ ಬಿಡುಗಡೆ ಮಾಡುವ ಯುನಿಕ್ ಪಾಯಿಂಟರ್‌ಗಳು ಬಂದವು. ಸಿಂಬಲ್ ಕಡತ ಸೇರಿಸುವಾಗ ಕೊಡುವ ಫ್ಲ್ಯಾಗ್‌ಗಳು ಬರೀ ಇಂಟಿಜರ್ ಆಗಿದ್ದವು, ಯಾವ ಅಂಕಿ ಕೊಟ್ಟರೂ ನುಂಗುತ್ತಿದ್ದವು. ಅವಕ್ಕೆ ತಮ್ಮದೇ ಟೈಪ್ ಆಯಿತು. ಇತ್ತೀಚಿನ ಜಿಡಿಬಿಯಲ್ಲಿ ಆಫ್‌ಸೆಟ್ ಕೂಡಿಸದ ವಿಳಾಸಕ್ಕೂ ಬೇರೆಯೇ ಟೈಪ್ ಇದೆ. ಅದನ್ನು ಓಡುವ ವಿಳಾಸದ ಜಾಗದಲ್ಲಿ ಹಾಕಿದರೆ ಕಂಪೈಲ್ ಆಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಓರಣ ಇದೇ.

ಆದರೆ ಕಸ ಎಂದು ಕಂಡದ್ದೆಲ್ಲ ಕಸವಲ್ಲ. ಸಿಮ್‌ಫೈಲ್.ಸಿಯಲ್ಲಿ ಒಂದು ಪುಟ್ಟ ಫಂಕ್ಷನ್ ಇದೆ. ಸೆಕ್ಷನ್‌ನ, ಎಂದರೆ ಕಡತದ ಒಂದು ಭಾಗದ, ಹೆಸರು '.ಡೈನ್‌ಬಿಎಸ್‌ಎಸ್' ಎಂದಿದ್ದರೆ '.ಬಿಎಸ್‌ಎಸ್' ಎಂದು ತಿರುಗಿಸಿ ಕೊಡುತ್ತದೆ; ಇಂಥದೇ ಇನ್ನೊಂದು ಜೋಡಿ ಹೆಸರು ಬಿಟ್ಟರೆ ಅಷ್ಟೇ. ಹೊಸಬರು ನೋಡಿದರೆ ಯಾಕಿದು, ತೆಗೆದುಬಿಡೋಣ ಎನಿಸುತ್ತದೆ. ಇದರ ಕಾರಣ, ಲೈಬ್ರರಿಗಳ ವಿಳಾಸಗಳನ್ನು ಮೊದಲೇ ಹೊಂದಿಸಿಡುವ ಪ್ರಿಲಿಂಕ್ ಎಂಬ ಸಲಕರಣೆ. ಅದರ ಕೈದಾಟಿ ಬಂದ ಕಡತದಲ್ಲಿ ಸೆಕ್ಷನ್ ಹೆಸರು ಒಂದಾದರೆ, ಬೇರೆಯಾಗಿ ತೆಗೆದಿಟ್ಟ ಡಿಬಗ್ ಕಡತದಲ್ಲಿ ಇನ್ನೊಂದು ಇರಬಹುದು, ಎರಡನ್ನೂ ಹೊಂದಿಸಲೇಬೇಕು. ಕಾರಣ ಹೇಳುವ ಕಾಮೆಂಟನ್ನು ಯಾರಾದರೂ ಉದ್ದವಾಯಿತೆಂದು ಕತ್ತರಿಸಿದರೆ, ಮುಂದೊಂದು ದಿನ ಇನ್ಯಾರೋ ಕೋಡನ್ನೇ ಕತ್ತರಿಸುತ್ತಾರೆ.

ಬರವಣಿಗೆಯ ರೂಢಿಯನ್ನೂ ತಿಳಿದಿರಬೇಕು. ಗ್ನೂ ಶೈಲಿಯಲ್ಲಿ ಕಾಮೆಂಟ್ ಎಂದರೆ ಪೂರ್ಣ ವಾಕ್ಯ, ಪೂರ್ಣವಿರಾಮದ ನಂತರ ಎರಡು ಖಾಲಿ ಜಾಗ. ವೇರಿಯಬಲ್‌ನ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದಿದ್ದರೆ ಮಾತು ಆ ವೇರಿಯಬಲ್‌ನ ಬಗ್ಗೆ ಅಲ್ಲ, ಅದರೊಳಗಿನ ಬೆಲೆಯ ಬಗ್ಗೆ. ಇದು ಗೊತ್ತಿಲ್ಲದೆ ದೊಡ್ಡಕ್ಷರಗಳನ್ನೆಲ್ಲ ಸಣ್ಣಕ್ಷರ ಮಾಡಿ ಕಳಿಸಿದರೆ ಅರ್ಥವೇ ಅಳಿಸಿಹೋಗುತ್ತದೆ. ಹೆಡರ್‌ನಲ್ಲಿ ಘೋಷಿಸಿದ ಫಂಕ್ಷನ್‌ನ ವಿವರಣೆ ಹೆಡರ್‌ನಲ್ಲೇ ಇರುತ್ತದೆ. ಸೋರ್ಸ್ ಕಡತದಲ್ಲಿ "ಹೆಡರ್ ನೋಡಿ" ಎಂಬಷ್ಟು ಸೂಚನೆ ಸಾಕು. ಎರಡೂ ಕಡೆ ವಿವರಣೆ ಬರೆದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಖಂಡಿತ.

ಪ್ಯಾಚ್ ಕಟ್ಟುವ ಬಗೆಯಲ್ಲಿ ನಾನು ಬಿಡದೆ ಹೇಳುವುದು ಒಂದೇ: ಖಾಲಿ ಜಾಗದ ಬದಲಾವಣೆ, ಕೋಡ್ ಸ್ಥಳಾಂತರ, ನಿಜವಾದ ತಿದ್ದುಪಡಿ ಇವು ಮೂರು ಬೇರೆ ಬೇರೆ ಪ್ಯಾಚ್ ಆಗಿರಲಿ. ಬೆರೆಸಿದರೆ ಪರಿಶೀಲಿಸುವವರ ಕಣ್ಣಿಗೆ ನಿಜವಾದ ಬದಲಾವಣೆ ಬೀಳದೆ ಜಾರಿಹೋಗುತ್ತದೆ. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ 'ಬ್ಲೇಮ್' ಆದೇಶ ಪ್ರತಿ ಸಾಲನ್ನು ಕೊನೆಗೆ ಮುಟ್ಟಿದ ಕಮಿಟ್ (ದಾಖಲಾದ ಬದಲಾವಣೆ) ತೋರಿಸುತ್ತದೆ. ಇಡೀ ಕಡತದ ಇಂಡೆಂಟೇಶನ್ ಸುಮ್ಮನೆ ಬದಲಿಸಿದರೆ ಎಲ್ಲ ಸಾಲಿಗೂ ನಿಮ್ಮ ಹೆಸರೇ ಬಂದು, ಆ ಸಾಲು ಮೊದಲು ಯಾಕೆ ಬಂತೆಂಬುದು ಹಿಂದೆ ಸರಿಯುತ್ತದೆ. 2019ರ ಗಿಟ್ 2.23ರಿಂದ ಅಂಥ ಕಮಿಟ್‌ಗಳನ್ನು ಬಿಟ್ಟು ನೋಡುವ ಸೌಲಭ್ಯವಿದೆ. ಆದರೂ ಬೇರೆಯವರು ಅದನ್ನು ಬಳಸುತ್ತಾರೆಂಬ ಧೈರ್ಯದ ಮೇಲೆ ಕಡತ ಕಲಕುವುದು ಸರಿಯಲ್ಲ.

ಜಿಡಿಬಿಯಲ್ಲಿ ಯಾರೂ ಆಕ್ಷೇಪಿಸಲಾರದಷ್ಟು ಸ್ಪಷ್ಟವಾದ ತಿದ್ದುಪಡಿಯನ್ನು, ಕಮಿಟ್ ಮಾಡುವ ಅಧಿಕಾರ ಇರುವವರು, ಒಪ್ಪಿಗೆಗೆ ಕಾಯದೆ ಸೇರಿಸಬಹುದು ಎಂಬ ನಿಯಮವಿದೆ. ನಿಮ್ಮ ಕೆಲಸವನ್ನು ಅತಿ ಹೆಚ್ಚು ದ್ವೇಷಿಸುವವರೂ ಇದರಲ್ಲಿ ತಪ್ಪು ಹುಡುಕಲಾರರೇ ಎಂದು ಕೇಳಿಕೊಳ್ಳಬೇಕಂತೆ. ಕಾಗುಣಿತದ ತಪ್ಪು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಫಂಕ್ಷನ್‌ನ ಹೆಸರು ಬದಲಿಸುವುದು ಅಷ್ಟು ಸುಲಭಕ್ಕೆ ಪಾಸಾಗುವುದಿಲ್ಲ.

ಏನೂ ಬದಲಾಗಿಲ್ಲ ಎಂದು ತೋರಿಸುವುದು ಹೇಗೆ? ಕಾಮೆಂಟ್ ಮಾತ್ರ ತಿದ್ದಿದ್ದರೆ ಮೊದಲಿನ ಮತ್ತು ಈಗಿನ ಆಬ್ಜೆಕ್ಟ್ ಕಡತ (ಕಂಪೈಲ್ ಆಗಿ ಬಂದ ಕಡತ) ಒಂದೇ ಇರಬೇಕು ಎಂದು ತೋರುತ್ತದೆ, ಆದರೆ ಯಾವಾಗಲೂ ಹಾಗಾಗುವುದಿಲ್ಲ. ಒಂದು ಸಾಲು ಹೆಚ್ಚಾದರೂ ಕೆಳಗಿನ ಸಾಲುಗಳ ಸಂಖ್ಯೆ ಬದಲಾಗಿ ಡ್ವಾರ್ಫ್‌ನ ಸಾಲುಪಟ್ಟಿ ಬೇರೆಯಾಗುತ್ತದೆ. ಡಿಬಗ್ ಮಾಹಿತಿಯನ್ನು 'ಸ್ಟ್ರಿಪ್' ಆದೇಶದಿಂದ ತೆಗೆದುಹಾಕಿ ಹೋಲಿಸಿದರೂ ಪೂರ್ತಿ ಸಾಲದು. ಇರಬೇಕಾದ ಸ್ಥಿತಿ ನಿಜವಾಗಿ ಇದೆಯೇ ಎಂದು ಓಡುವಾಗ ಪರೀಕ್ಷಿಸುವ ಜಿಡಿಬಿಯ ಅಸರ್ಟ್ ಮ್ಯಾಕ್ರೋ ತಾನಿರುವ ಸಾಲಿನ ಸಂಖ್ಯೆಯನ್ನು ಕೋಡಿನೊಳಗೇ ಇಟ್ಟುಕೊಳ್ಳುತ್ತದೆ, ಅದೂ ಬದಲಾಗಿರುತ್ತದೆ. ಉಳಿದ ವ್ಯತ್ಯಾಸಗಳೆಲ್ಲ ಬರೀ ಸಾಲಿನ ಸಂಖ್ಯೆಗಳೇ ಎಂದು ಡಿಸ್‌ಅಸೆಂಬ್ಲಿ (ಯಂತ್ರದ ಸೂಚನೆಗಳನ್ನು ಓದಬಲ್ಲ ರೂಪದಲ್ಲಿ ಬರೆದ ಪಟ್ಟಿ) ತೆಗೆದು ಕಣ್ಣಾರೆ ನೋಡಬೇಕು. ಕೋಡನ್ನೂ ಮುಟ್ಟಿದ್ದರೆ ಜಿಡಿಬಿಯ ಪರೀಕ್ಷೆಗಳನ್ನು ನಡೆಸುವ 'ಮೇಕ್ ಚೆಕ್' ಓಡಿಸಿ, ಪ್ಯಾಚ್‌ಗೆ ಮೊದಲಿನ ಮತ್ತು ನಂತರದ ಫಲಿತಾಂಶಗಳಿರುವ 'ಜಿಡಿಬಿ.ಸಮ್' ಕಡತಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಆಮೇಲೆ ಕಮಿಟ್ ಸಂದೇಶದಲ್ಲಿ ಏನು ತೆಗೆದಿರಿ, ಅದು ಬೇಡವೆಂದು ಹೇಗೆ ತಿಳಿಯಿತು, ಯಾವ ಯಂತ್ರದಲ್ಲಿ ಪರೀಕ್ಷಿಸಿದಿರಿ ಎಂಬುದನ್ನು ಬರೆಯಿರಿ.